ಚಾವಡಿಯ ಗೋಡೆ, ಪಂಚಾಯಿತಿಯ ಕಪಾಟು



ಈ ಉಪನ್ಯಾಸದ ದತ್ತಿ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರ ಹೆಸರಿನದು. ನಿವೃತ್ತಿಯ ಮೇಲೆ ಅವರು ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ಊರವರ ಅರ್ಜಿ ಬರೆದುಕೊಡುತ್ತಿದ್ದರಂತೆ. ವಿಧವಾ ವೇತನದ ಅರ್ಜಿ, ಉತಾರದಲ್ಲಿ ಹೆಸರು ತಿದ್ದುವ ಅರ್ಜಿ, ನಲ್ಲಿ ನೀರು ಬರುತ್ತಿಲ್ಲವೆಂಬ ಅರ್ಜಿ. ನಾನೂ ಬಹಳ ವರ್ಷದಿಂದ ಮಾಡುತ್ತಿರುವುದು ಅದೇ ಕೆಲಸ. ಹಾಗಾಗಿ ಆಮಂತ್ರಣ ಬಂದಾಗ ವಿಷಯಕ್ಕೆ ತಡಕಾಡಲಿಲ್ಲ. ಊರಿನ ದುಡ್ಡಿನ ಲೆಕ್ಕ ಊರವರಿಗೆ ಹೇಗೆ ತಿಳಿಯುತ್ತದೆ, ತಿಳಿಯದೆ ಹೋದಾಗ ಏನಾಗುತ್ತದೆ, ಅದನ್ನೇ ಮಾತಾಡುತ್ತೇನೆ.

ಬಾದಾಮಿಯಿಂದ ಶುರು ಮಾಡೋಣ. ಮೂರನೆಯ ಗುಹೆಗೆ ನೀವೆಲ್ಲ ಹೋಗಿದ್ದೀರಿ. ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯರ ಮಂಗಲೇಶ ಮಾಡಿಸಿದ ವೈಷ್ಣವ ಗುಹೆ ಅದು. ಪ್ರವಾಸಿಗರು ವರಾಹನನ್ನು ನೋಡಿ, ಅನಂತನ ಮೇಲೆ ಕೂತ ವಿಷ್ಣುವನ್ನು ನೋಡಿ, ಕೆರೆಯ ಕಡೆ ತಿರುಗಿ ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅಲ್ಲೇ ಬಂಡೆಯ ಮೇಲೆ ಮಂಗಲೇಶನ ಹೆಸರಿನ ಒಂದು ಪುಟ್ಟ ಕನ್ನಡ ಶಾಸನವಿದೆ. ಅದು ಗುಹೆಯನ್ನು ಕಲ್ಮನೆ ಎಂದು ಕರೆಯುತ್ತದೆ. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನೂ, ಹೂಮಾಲೆ ಕಟ್ಟುವವರಿಗೆ ಅದರಲ್ಲಿ ಸಲ್ಲಬೇಕಾದದ್ದನ್ನೂ ಹೇಳಿ, ಇದನ್ನು ಕೆಡಿಸಿದವನು ಏಳನೆಯ ನರಕದಲ್ಲಿ ಹುಳುವಾಗುತ್ತಾನೆ ಎಂದು ಮುಗಿಸುತ್ತದೆ. ಆ ಊರು ಮಹಾಕೂಟದ ಹತ್ತಿರದ ಈಗಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಕೆಲವೇ ಸಾಲಿನ ಆ ಶಾಸನದಲ್ಲಿ ಏನೇನಿದೆ ನೋಡಿ. ಕೊಟ್ಟವರು ಯಾರು, ಕೊಟ್ಟದ್ದೇನು, ಯಾರಿಗೆ, ಅದರೊಳಗೆ ಯಾರ ಪಾಲೆಷ್ಟು. ಬರೆದದ್ದು ಕನ್ನಡದಲ್ಲಿ. ಬರೆದ ಜಾಗ ಆ ಗುಡಿಯ ಬಾಗಿಲಲ್ಲೇ, ಹೂವು ತರುವವನು ದಿನಾ ದಾಟಿ ಹೋಗುವ ದಾರಿಯಲ್ಲಿ. ಮಾಲೆ ಕಟ್ಟುವವನ ಪಾಲನ್ನು ಯಾರಾದರೂ ಕಡಿಮೆ ಮಾಡಿದರೆ ಅವನು ಅರ್ಜಿ ಹಿಡಿದುಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. ಬಂಡೆಯ ಕಡೆ ಕೈ ತೋರಿಸಿದರೆ ಸಾಕಿತ್ತು.

ಲಕ್ಷ್ಮೇಶ್ವರದಲ್ಲಿ, ಆಗಿನ ಪೊರಿಗೆರೆಯಲ್ಲಿ, ಇನ್ನೊಂದು ಶಾಸನವಿದೆ. ಎಂಟನೆಯ ಶತಮಾನದ ಮೊದಲ ಭಾಗದ್ದು. ಯುವರಾಜ ವಿಕ್ರಮಾದಿತ್ಯ ಆ ಪಟ್ಟಣದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಹಾಕಿಕೊಟ್ಟ ಆಚಾರ ವ್ಯವಸ್ಥೆ. ಮನೆತನದ ಅಂತಸ್ತು ನೋಡಿ ಯಾರು ಎಷ್ಟು ತೆರಿಗೆ ಕಟ್ಟಬೇಕೆಂಬುದು ಅದರಲ್ಲಿದೆ. ಅರಸನ ಅಧಿಕಾರಿಗಳು ಊರಿಗೆ ಏನು ಮಾಡಬೇಕು ಎಂಬುದೂ ಇದೆ. ಎರಡೂ ಒಂದೇ ಕಲ್ಲಿನ ಮೇಲೆ ಇರುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಕಾಲವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಮಹಾಜನರೆಂದರೆ ಎಲ್ಲ ಜನರಲ್ಲ. ಹೊಲದಲ್ಲಿ ದುಡಿದವನು, ಅವನ ಹೆಂಡತಿ, ಊರ ಹೊರಗೆ ಇರಬೇಕಾಗಿದ್ದವರು ಆ ಸಭೆಯಲ್ಲಿ ಕೂರುತ್ತಿರಲಿಲ್ಲ. ಓದು ಬಲ್ಲವರೂ ಕೆಲವರೇ. ಆದರೂ ಊರಿಗೆ ಸಂಬಂಧಪಟ್ಟದ್ದನ್ನು ಊರು ನೋಡುವ ಜಾಗದಲ್ಲಿ ಇಡಬೇಕು ಎಂಬ ತಿಳಿವಳಿಕೆ ನಮ್ಮ ಮಲಪ್ರಭೆಯ ದಂಡೆಗೆ ಹೊಸದಲ್ಲ. ಅದನ್ನು ದಿಲ್ಲಿಯಿಂದ ತರಿಸಿಕೊಳ್ಳಬೇಕಾಗಿರಲಿಲ್ಲ.

ಬರಬರುತ್ತ ಲೆಕ್ಕ ಕಲ್ಲು ಬಿಟ್ಟು ದಫ್ತರದೊಳಗೆ ಸೇರಿತು. ನಾವು ಆಗ ಮುಂಬಯಿ ಇಲಾಖೆಯವರು. ಕುಲಕರ್ಣಿಯ ಮನೆಯಲ್ಲಿ ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಕಿರ್ದಿ, ಖತಾವಣಿ, ಪಹಣಿ. ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯವು. ರೈತ ಪಾವತಿ ಹಿಡಿದುಕೊಂಡು ಅವರ ಪಡಸಾಲೆಯ ಕೆಳಗೆ ನಿಲ್ಲಬೇಕು, ಅವರು ಗಂಟು ಬಿಚ್ಚಿದರೆ ಉಂಟು. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ರುಮಾಲು ಹೋಯಿತು, ಕಬ್ಬಿಣದ ಕಪಾಟು ಬಂತು. ಗಂಟು ಬಿಚ್ಚುವ ಅಧಿಕಾರ ಕೀಲಿಕೈ ಇದ್ದವರ ಕೈಯಲ್ಲೇ ಉಳಿಯಿತು.

ಈಗ ಒಬ್ಬ ಅಜ್ಜಿಯ ವಿಷಯ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಬಂದದ್ದು ಇಲ್ಲಿರುವ ಯಾರಿಗೂ ಮರೆತಿಲ್ಲ. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಬಾದಾಮಿ, ಹುನಗುಂದ ತಾಲೂಕಿನ ದಂಡೆಯ ಊರುಗಳನ್ನು ಹೊಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು. ಅದಕ್ಕೆ ಹತ್ತು ವರ್ಷ ಹಿಂದೆ, 2009ರ ನೆರೆಯಲ್ಲಿ ಬಿದ್ದ ಊರುಗಳಿಗೆ ಆಸರೆ ಯೋಜನೆಯ ಮನೆಗಳನ್ನು ಕಟ್ಟಿಸಿ, ಅವುಗಳ ಹಕ್ಕುಪತ್ರ ಯಾರ ಕೈ ಸೇರಿತು, ಯಾರದು ಸೇರಲಿಲ್ಲ ಎಂಬ ತಕರಾರೇ ಇನ್ನೂ ಆರಿರಲಿಲ್ಲ. 2019ರಲ್ಲಿ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿತು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಅಲ್ಪಸ್ವಲ್ಪ ಹಾನಿಯಾದ ಸಿ ದರ್ಜೆಗೆ 50 ಸಾವಿರ. ಅಕ್ಷರವೊಂದು ಬದಲಾದರೆ ನಾಲ್ಕೂವರೆ ಲಕ್ಷ ರೂಪಾಯಿ ಆಚೀಚೆ.

ಅಜ್ಜಿಯದು ಮಣ್ಣಿನ ಮಾಳಿಗೆ ಮನೆ. ಪಡಸಾಲೆ ನಿಂತಿತ್ತು. ಅದರ ಹಿಂದಿನ ಅಡುಗೆಮನೆ, ದನ ಕಟ್ಟುವ ಜಾಗ, ಹಿತ್ತಲ ಗೋಡೆ ಕುಸಿದು ಜಂತಿಗಳು ನೆಲಕ್ಕೆ ಬಿದ್ದಿದ್ದವು. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಸಿ ಎಂದಿದೆಯಂತೆ ಎಂದು ಯಾರೋ ಹೇಳಿದರು. ಪಟ್ಟಿಯನ್ನು ಆಕೆ ಕಣ್ಣಾರೆ ಕಂಡಿರಲಿಲ್ಲ. ನನ್ನ ಹತ್ತಿರ ಬಂದು ಆಕೆ ಕೇಳಿದ್ದು ಇಷ್ಟೇ: "ಗುರುಗಳ, ನನ್ ಮನಿ ಯಾಕ ಸಿ ಆತು, ಅದನ್ನ ಕೇಳಿ ಬರದ್ ಕೊಡ್ರಿ."

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಾನು ಹಾಗೆಯೇ ಬರೆದೆ. ಇವರ ಮನೆಯನ್ನು ಸಿ ದರ್ಜೆಗೆ ಸೇರಿಸಿದ್ದು ಯಾಕೆ, ತಿಳಿಸಬೇಕು ಎಂದು. ಹತ್ತು ರೂಪಾಯಿಯ ಶುಲ್ಕವೂ ಬೇಕಾಗಿರಲಿಲ್ಲ, ಆಕೆಯದು ಬಿಪಿಎಲ್ ಕಾರ್ಡು. ಮೂವತ್ತು ದಿನ ತುಂಬುವ ಹೊತ್ತಿಗೆ ಸಂಬಂಧಪಟ್ಟ ಕಚೇರಿಯಿಂದ ಎರಡು ಸಾಲಿನ ಹಿಂಬರಹ ಬಂತು. ಯಾಕೆ ಎಂಬ ಪ್ರಶ್ನೆ ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಅರ್ಜಿ ವಿಲೇ ಮಾಡಲಾಗಿದೆ. ಒಂದು ತಿಂಗಳು ಹೋಯಿತು. ಕಾಯ್ದೆ ಓದಿದವನು ನಾನು, ಎಡವಿದವನೂ ನಾನೇ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬೇಕಾದದ್ದು ಕಚೇರಿಯಲ್ಲಿರುವ ದಾಖಲೆಯನ್ನು. ಎರಡನೆಯ ಅರ್ಜಿಯಲ್ಲಿ ಸಮೀಕ್ಷೆಯ ನಮೂನೆ, ಪಂಚನಾಮೆ, ಅದಕ್ಕೆ ಹಚ್ಚಿದ ಫೋಟೋ, ಮೂರರ ದೃಢೀಕೃತ ನಕಲು ಕೊಡಿ ಎಂದು ಕೇಳಿದೆ.

ಈ ಸಲ ನಕಲು ಬಂದವು. ಫೋಟೋದಲ್ಲಿದ್ದದ್ದು ಆಕೆಯ ಮನೆಯ ಬಾಗಿಲು. ಓಣಿಯಲ್ಲಿ ನಿಂತು ತೆಗೆದದ್ದು. ಹೊಸ್ತಿಲು, ಚೌಕಟ್ಟು, ಎರಡೂ ಕಡೆ ಕಟ್ಟೆ, ಎಲ್ಲ ನೆಟ್ಟಗೆ ನಿಂತಿವೆ. ಅಜ್ಜಿಗೆ ಓದು ಬರುವುದಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಿನ ಮೇಲೆ ಬೆರಳಿಟ್ಟು, "ಇದು ಬಾಕಲಾತು. ಒಳಗ ಬಂದೇ ಇಲ್ಲಲ್ರಿ ಇವ್ರು" ಅಂದಳು.

ಯಾಕೆ ಎಂಬುದಕ್ಕೆ ಉತ್ತರ ಅದೇ ಆಗಿತ್ತು. ಆಕೆಯನ್ನು ಬಿಟ್ಟು ಬೇರೆ ಯಾರೂ ಆ ಹಾಳೆಯಿಂದ ಅದನ್ನು ತೆಗೆಯುತ್ತಿರಲಿಲ್ಲ. ಮನೆ ಸಂಖ್ಯೆ ಸರಿಯಿತ್ತು, ಪಂಚರ ಸಹಿ ಇತ್ತು, ಮೇಲಿನ ಕಚೇರಿಯ ಯಾವ ಪರಿಶೀಲನೆಗೂ ಆ ಕಾಗದ ತೇರ್ಗಡೆಯಾಗುತ್ತಿತ್ತು. ಮರುಪರಿಶೀಲನೆಗೆ ಬರೆದೆವು. ಮತ್ತೆ ಬಂದು ಒಳಗೆ ಹೊಕ್ಕು ನೋಡಿ ದರ್ಜೆ ಬದಲಿಸಿದರು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಆ ಪಡಸಾಲೆಯ ಮೇಲೆ ಸುರಿದು ಹೋಗಿತ್ತು.

ಆ ಪಟ್ಟಿಯನ್ನು, ಆ ಫೋಟೋಗಳನ್ನು, ಸಮೀಕ್ಷೆ ಮುಗಿದ ವಾರದಲ್ಲೇ ಚಾವಡಿಯ ಗೋಡೆಗೆ ಅಂಟಿಸಿದ್ದರೆ ಏನಾಗುತ್ತಿತ್ತು? ಅಜ್ಜಿ ಅದೇ ಸಂಜೆ ಬೆರಳಿಡುತ್ತಿದ್ದಳು. ಬೀಳದ ಮನೆಗೆ ಎ ಬರೆಸಿಕೊಂಡವನ ಹೆಸರಿನ ಮೇಲೂ ಯಾರಾದರೂ ಬೆರಳಿಡುತ್ತಿದ್ದರು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಇಪ್ಪತ್ತು ವರ್ಷದಿಂದ ನಾವು ಮಾಹಿತಿ ಹಕ್ಕು ಎಂದರೆ ಅರ್ಜಿ ಹಾಕುವ ಹಕ್ಕು ಎಂದೇ ತಿಳಿದಿದ್ದೇವೆ. ಹಳ್ಳಿಗೆ ಬೇಕಾಗಿರುವುದು ಅರ್ಜಿಗೆ ಮೊದಲೇ ಎದುರಿಗೆ ಬಂದು ನಿಲ್ಲುವ ಲೆಕ್ಕ.

ಇದು ನನ್ನ ಆಸೆಯಷ್ಟೇ ಆಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಕಾನೂನಿನಲ್ಲಿ ಬರೆದಿದೆ. ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗೆ ಬಂತು. ಎಲ್ಲರ ಬಾಯಲ್ಲಿರುವುದು ಅದರ 6ನೆಯ ಕಲಂ, ಅರ್ಜಿಯದು. ಅದಕ್ಕಿಂತ ಮುಂಚೆ ಬರುವ 4ನೆಯ ಕಲಂ ಓದಿ. ಪ್ರತಿ ಸಾರ್ವಜನಿಕ ಕಚೇರಿ ಹದಿನೇಳು ಬಾಬುಗಳ ವಿವರವನ್ನು, ಅನುದಾನ, ಖರ್ಚು, ಫಲಾನುಭವಿಗಳ ವಿವರ ಸೇರಿಸಿ, ಯಾರೂ ಕೇಳದೆಯೇ ಪ್ರಕಟಿಸಬೇಕು. ಅದಕ್ಕೆ ಕಾಯ್ದೆ ಕೊಟ್ಟ ಗಡುವು 120 ದಿನ. ಪ್ರಕಟಿಸುವಾಗ ಸ್ಥಳೀಯ ಭಾಷೆ ಮತ್ತು ಆ ಪ್ರದೇಶದ ಜನಕ್ಕೆ ಮುಟ್ಟುವ ದಾರಿ ಯಾವುದೆಂದು ನೋಡಬೇಕು ಎಂದೂ ಇದೆ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕವಾಗಿ ಸಾರುವುದು, ಎಲ್ಲವನ್ನೂ ಹೆಸರಿಸಿದೆ. ನಮ್ಮ ಡಂಗುರಕ್ಕೂ ಅಲ್ಲಿ ಜಾಗವಿದೆ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಬಹಳ ಜನ ಅದನ್ನು ದಾಟಿ ಹೋಗುತ್ತಾರೆ. ಒಂದು ನಿರ್ಣಯದಿಂದ ಯಾರಿಗೆ ಬಾಧೆಯಾಗುತ್ತದೋ ಅವರಿಗೆ ಆ ನಿರ್ಣಯದ ಕಾರಣವನ್ನು ಕೊಡಬೇಕು. ಅಂದರೆ ಅಜ್ಜಿಯ ಯಾಕೆ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಜಾಗ ಇಲ್ಲವೆಂದು ನಾನು ಒಪ್ಪಿಕೊಂಡದ್ದು ತಪ್ಪು. ಅರ್ಜಿಯ ಕಲಮಿನಲ್ಲಿ ಅದಕ್ಕೆ ಜಾಗವಿಲ್ಲ. ಕಚೇರಿಯ ಕರ್ತವ್ಯದ ಕಲಮಿನಲ್ಲಿದೆ. ಆಕೆ ಕೇಳುವ ಮೊದಲೇ ಆಕೆಗೆ ಹೇಳಬೇಕಾಗಿತ್ತು.

ಕೆಲವರು ಕೇಳಬಹುದು, ಬೋರ್ಡು ಇದ್ದೇ ಇದೆಯಲ್ಲ ಎಂದು. ಇದೆ. ಉದ್ಯೋಗ ಖಾತ್ರಿಯ ಕಾಮಗಾರಿಗೆಲ್ಲ ಸಿಮೆಂಟಿನ ನಾಮಫಲಕ ನಿಲ್ಲಿಸಿದ್ದಾರೆ. ಹುನಗುಂದದ ಕಡೆ ಒಂದು ಹಳ್ಳಿಯಲ್ಲಿ ನಾನು ನೋಡಿದ ಫಲಕ ದಾರಿಗೆ ಬೆನ್ನು ಹಾಕಿ ಜಾಲಿ ಗಿಡದ ಕಡೆ ಮುಖ ಮಾಡಿತ್ತು. ಮುಳ್ಳು ಸರಿಸಿ ಹೋಗಿ ಓದಿದೆ. ಕಾಮಗಾರಿಯ ಹೆಸರು, ವರ್ಷ ಇದ್ದವು. ಅಂದಾಜು ಮೊತ್ತ, ಮಾನವ ದಿನ, ಕೂಲಿ, ಸಾಮಗ್ರಿ ಎಂದು ಗೆರೆ ಎಳೆದ ಮನೆಗಳಲ್ಲಿ ಏನೂ ಬರೆದಿರಲಿಲ್ಲ. ಬಣ್ಣ ಮಾಸಿ ಅಳಿಸಿದ್ದಲ್ಲ, ಮೊದಲಿನಿಂದಲೂ ಬರೆಯದೆ ಬಿಟ್ಟದ್ದು. ಫಲಕ ನಿಲ್ಲಿಸಿ ತೆಗೆದ ಫೋಟೋ ಮೇಲಕ್ಕೆ ಹೋದರೆ ಬಿಲ್ಲು ಪಾಸಾಗುತ್ತದೆ.

ಇನ್ನು ಸಭೆಯ ಮಾತು. ಕಾಗದದಲ್ಲಿ ಕೇಳಲಾಗದ ಯಾಕೆ ಎಂಬುದನ್ನು ಬಾಯಿಬಿಟ್ಟು ಕೇಳುವ ಜಾಗ ಗ್ರಾಮಸಭೆ. ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆ, 1987ರ ಮಂಡಲ ಪಂಚಾಯಿತಿ ಚುನಾವಣೆ, ಸಂವಿಧಾನದ 73ನೆಯ ತಿದ್ದುಪಡಿ, 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ, ಎಲ್ಲದರ ಕೊನೆಗೆ ನಮ್ಮ ಕೈಗೆ ಬಂದದ್ದು ಈ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ಆಗಬೇಕು. ವರ್ಷಕ್ಕೊಮ್ಮೆ ಜಮಾಬಂದಿ. ಹಿಂದಿನ ವರ್ಷದ ಜಮೆ, ಖರ್ಚು, ಕಾಮಗಾರಿಗಳನ್ನೆಲ್ಲ ಜನರ ಮುಂದೆ ಓದಿ, ಜಾಗಕ್ಕೇ ಹೋಗಿ ತಾಳೆ ನೋಡುವ ದಿನ. ಜಮಾಬಂದಿ ಎಂಬ ಹೆಸರೇ ಹಳೆಯ ಕಂದಾಯದ ದಫ್ತರದಿಂದ ಬಂದದ್ದು. ಆಗ ಜನರಿಂದ ಬರಬೇಕಾದ ಲೆಕ್ಕ ನೋಡುತ್ತಿದ್ದರು, ಈಗ ಜನರಿಗೆ ಕೊಡಬೇಕಾದ ಲೆಕ್ಕ.

ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಕೊನೆಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕಾಮಗಾರಿಯ ಹಾಜರಿ ಪಟ್ಟಿಯನ್ನು ತಂದು ಬಯಲಲ್ಲಿ ಕೂತ ಜನರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿ ಪಡೆದಿದ್ದಾರೆಂದು ಬರೆದಿದ್ದವರು ಎದ್ದು ನಿಂತು ನಾನು ಪಡೆದೇ ಇಲ್ಲ ಎಂದರು. ಇಡೀ ದೇಶದ ಮಾಹಿತಿ ಹಕ್ಕಿನ ಚಳವಳಿ ಆ ಓದಿನಿಂದ ಬೆಳೆಯಿತು.

ನಮ್ಮಲ್ಲಿ ಆ ಓದು ಹೇಗೆ ನಡೆಯುತ್ತದೆ? ಬುಧವಾರವೋ ಗುರುವಾರವೋ ಹನ್ನೊಂದು ಗಂಟೆಗೆ ಸಭೆ ಇಡುತ್ತಾರೆ. ಆಗ ಹೆಂಗಸರು ಕಳೆ ತೆಗೆಯಲು ಹೊಲದಲ್ಲಿರುತ್ತಾರೆ, ನೇಕಾರ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿರುತ್ತಾನೆ. ಒಂದು ದಿನ ಎದ್ದು ಬಂದರೆ ಅವನ ಸೀರೆ ಒಂದು ದಿನ ತಡ. ಕೋರಂ ತುಂಬದಿದ್ದಾಗ ಸಹಿ ಪುಸ್ತಕ ಮನೆಮನೆಗೆ ಹೋಗುತ್ತದೆ. ಅದೇ ಪುಸ್ತಕದ ಜೊತೆಗೆ ಲೆಕ್ಕದ ಒಂದು ಹಾಳೆಯೂ ಮನೆಮನೆಗೆ ಹೋಗಬಲ್ಲದು, ಕಾಲು ಅವೇ, ದಾರಿ ಅದೇ. ಸೋಮವಾರ ಎತ್ತು ಹೂಡದ ಊರುಗಳು ನಮ್ಮವು. ಸೋಮವಾರ ಸಂಜೆ ಸಭೆ ಇಟ್ಟು ನೋಡಿ. ಅಂಕಿಗಳನ್ನು ತಲೆಬುಡವಿಲ್ಲದೆ ಓದುವ ಬದಲು ಇಂಥ ಓಣಿಯ ಗಟಾರಕ್ಕೆ ಇಷ್ಟು, ಇಂಥ ಬೋರಿನ ಮೋಟರು ಕಟ್ಟಿಸಿದ್ದಕ್ಕೆ ಇಷ್ಟು ಎಂದು ಓಣಿಯ ಲೆಕ್ಕ ಆ ಓಣಿಗೆ ಹೇಳಿ. ಗಟಾರದ ಉದ್ದ ಎಷ್ಟೆಂದು ಅದರ ಪಕ್ಕದಲ್ಲಿ ಪಾತ್ರೆ ತೊಳೆಯುವವಳಿಗೆ ಗೊತ್ತಿರುತ್ತದೆ. ಅಳತೆ ಪುಸ್ತಕದ ಸಂಖ್ಯೆಯನ್ನು ಆಕೆಯ ಮುಂದೆ ಓದಿದರೆ ಸಾಕು.

ಇಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ, ಅಂದರೆ ಪಿಡಿಒಗಳೂ, ಕೂತಿದ್ದೀರಿ. ನಿಮ್ಮ ಕಷ್ಟ ನನಗೆ ಗೊತ್ತು. ಒಂದು ಪಂಚಾಯಿತಿಗೆ ನಾಲ್ಕೈದು ಊರು, ಬೆಳಗಾದರೆ ವಿಡಿಯೊ ಸಭೆ, ಮಧ್ಯಾಹ್ನಕ್ಕೆ ವರದಿ, ನೀರು ಬರದಿದ್ದರೆ ಬೈಗುಳ. ಇದರ ಮಧ್ಯೆ ಹತ್ತು ವರ್ಷದ ಎಲ್ಲ ಬಿಲ್ಲುಗಳ ನಕಲು ಕೊಡಿ ಎಂದು ಅರ್ಜಿ ಹಾಕಿ, ಆಮೇಲೆ ಫೋನ್ ಮಾಡಿ ಎಷ್ಟು ಕೊಡುತ್ತೀರಿ ಎಂದು ಕೇಳುವವರೂ ಇದ್ದಾರೆ. ಅಂಥವರಿಂದ ನಿಜವಾಗಿ ನೊಂದ ಅಧಿಕಾರಿಗಳನ್ನು ಬಲ್ಲೆ. ಇಂಥವರನ್ನು ತಡೆಯಲೆಂದೋ ಏನೋ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿಯಿದೆ. ಪದ ಎಣಿಸಿ ಬರೆಯಲು ಬರದ ಬಡವರೇ ಆ ಮಿತಿಗೆ ಸಿಕ್ಕಿ ಬೀಳುತ್ತಾರೆ. ವ್ಯಾಪಾರ ಮಾಡುವವನು ಹತ್ತು ಅರ್ಜಿ ಬೇರೆ ಬೇರೆ ಹಾಕುತ್ತಾನೆ. ಅವನ ಸರಕು ಏನು ಹೇಳಿ? ಮುಚ್ಚಿಟ್ಟ ಕಾಗದ. ಅದೇ ಬಿಲ್ಲು ಗೋಡೆಯ ಮೇಲಿದ್ದರೆ ಅವನಿಗೆ ಮಾರಲು ಏನೂ ಉಳಿಯುವುದಿಲ್ಲ. ದಿನಕ್ಕೆ 250 ರೂಪಾಯಿ ದಂಡದ ಹೆದರಿಕೆ, ತಾಲೂಕು ಪಂಚಾಯಿತಿಯಲ್ಲಿ ಮೇಲ್ಮನವಿ, ಆಮೇಲೆ ಆಯೋಗದ ವಿಚಾರಣೆ, ಇಷ್ಟೂ ಓಡಾಟ ನಿಮಗೂ ತಪ್ಪುತ್ತದೆ.

ಎಲ್ಲ ಆನ್‌ಲೈನ್ ಆಗಿದೆ ಎಂಬ ಮಾತೂ ಬರುತ್ತದೆ. ಪಂಚತಂತ್ರ ತಂತ್ರಾಂಶ, ಇ-ಸ್ವತ್ತು, ಇ-ಗ್ರಾಮಸ್ವರಾಜ್, ಇವೆಲ್ಲ ದೊಡ್ಡ ಕೆಲಸಗಳು, ನಾನೇ ದಿನಾ ಬಳಸುತ್ತೇನೆ. ಆದರೆ ಆ ಪರದೆಯ ಮೇಲೆ ಬರುವುದು ಕೋಡ್ ಸಂಖ್ಯೆ, ವೋಚರ್ ಸಂಖ್ಯೆ, ಅರ್ಧ ಇಂಗ್ಲಿಷು. ನಮ್ಮ ಓಣಿಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಹಳ್ಳಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತೇವೆ, ಅಲ್ಲಿ ಕಂಪ್ಯೂಟರೂ ಇದೆ, ಕಾಲೇಜಿಗೆ ಹೋಗುವ ಹುಡುಗಿಯರೂ ಬರುತ್ತಾರೆ. ತಿಂಗಳಿಗೊಮ್ಮೆ ಆ ಪರದೆಯ ಲೆಕ್ಕವನ್ನು ಕನ್ನಡದ ಒಂದು ಹಾಳೆಗೆ ಇಳಿಸುವುದು ಅವರಿಗೆ ಅರ್ಧ ದಿನದ ಕೆಲಸ.

ಒಂದು ಆತಂಕವನ್ನೂ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಕಲಮನ್ನೇ ಬದಲಿಸಿ ಬರೆದಿದ್ದಾರೆ. ವೈಯಕ್ತಿಕ ಮಾಹಿತಿ ಎಂಬ ಒಂದೇ ಮಾತು ಹೇಳಿ ನಿರಾಕರಿಸಲು ಈಗ ಸುಲಭ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂಬ 8(2) ಉಳಿದಿದೆ, ಆದರೆ ಅದನ್ನು ವಾದಿಸಿ ಗೆಲ್ಲಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ರೋಗದ ವಿವರ ಗೋಡೆಗೆ ಬರಬಾರದು, ಅದರಲ್ಲಿ ಎರಡು ಮಾತಿಲ್ಲ. ಸರ್ಕಾರದ ದುಡ್ಡು ಪಡೆದವರ ಹೆಸರು, ಊರು, ಮೊತ್ತ ಬರಲೇಬೇಕು. ಹೆಸರಿಲ್ಲದ ಪಟ್ಟಿಯಲ್ಲಿ ಸತ್ತವರು ಯಾರು, ಊರಲ್ಲೇ ಇಲ್ಲದವರು ಯಾರು ಎಂದು ಹುಡುಕುವುದು ಹೇಗೆ? ಮಂಗಲೇಶನ ಶಾಸನ ಮಾಲೆ ಕಟ್ಟುವವರ ಪಾಲನ್ನು ಬರೆದದ್ದು ಅವರ ಮಾನ ತೆಗೆಯಲಿಕ್ಕಲ್ಲ, ಅವರ ಪಾಲು ಉಳಿಯಲಿ ಎಂದು.

ಅಜ್ಜಿಯ ಮನೆ ಈಗ ಇಟ್ಟಂಗಿಯದು, ಮೇಲೆ ತಗಡು. ಹೋದ ವರ್ಷ ಆ ಕಡೆ ಹೋದಾಗ ಒಳಗೆ ಕರೆದಳು. ಬಿಳಿಜೋಳದ ರೊಟ್ಟಿ, ಪುಂಡಿ ಪಲ್ಯ ಇಟ್ಟಳು. ಕಟ್ಟಿದ ನಂತರ ಕೊನೆಯ ಕಂತಿಗೆಂದು ಮತ್ತೆ ಫೋಟೋ ತೆಗೆಯಲು ಬಂದಿದ್ದರಂತೆ. ಹುಡುಗ ಓಣಿಯಲ್ಲೇ ಮೊಬೈಲ್ ಎತ್ತಿದ. ಅಜ್ಜಿ ಅವನ ರಟ್ಟೆ ಹಿಡಿದು, "ತಮ್ಮಾ, ಒಳಗ ಬಂದ್ ತಗಿ" ಎಂದು ಅಡುಗೆಮನೆಯವರೆಗೆ ಕರೆದುಕೊಂಡು ಹೋದಳಂತೆ.

ಹೊರಗೆ ಬಾಗಿಲ ಹತ್ತಿರ ಒಂದು ಮೇಜು ಹಾಕಿಸಿದ್ದೇನೆ. ಬಿಳಿ ಹಾಳೆ, ಪೆನ್ನು ಇವೆ. ನಿಮ್ಮ ಊರಿನ ಜಮಾಬಂದಿ ಯಾವ ತಾರೀಖಿಗೆ, ಹಿಂದಿನ ಸಲದ ನಡಾವಳಿಯ ನಕಲು ಎಲ್ಲಿ ಎಂದು ಕೇಳಿ ಬರೆಯಬೇಕೆನ್ನುವವರು ಬನ್ನಿ. ಬಾಗಲಕೋಟೆಗೆ ನನ್ನ ಬಸ್ಸು ಏಳಕ್ಕೆ, ಅಲ್ಲಿಯವರೆಗೆ ಕೂತಿರುತ್ತೇನೆ.